ಹೋಲ್ಡ್ ಅಂದರೆ ಬರೀ ಹಿಡಿಯುವುದಲ್ಲ

ಜೂನ್ 10, ಸೋಮವಾರ. ಮಧ್ಯಾಹ್ನ 3

ಮೊದಲ ಶಿಫ್ಟು. ಸಾವಿರದ ನೂರ ಎಂಬತ್ತು ಲಿವರ್ ನೋಡಿದೆ. ರಿಜೆಕ್ಟ್ ಹದಿನಾಲ್ಕು. ಕಣ್ಣುರಿ, ಮಾಮೂಲು.

ಹನ್ನೊಂದು ವರ್ಷದಿಂದ ಇದೇ ಬೆಂಚು. ಸ್ಕೂಟರಿನ ಬ್ರೇಕ್ ಲಿವರ್ ಬರುತ್ತದೆ. ದೀಪದ ಕೆಳಗೆ ತಿರುಗಿಸಿ ನೋಡಬೇಕು — ಬಿರುಕು, ಗುಳಿ, ಗೀರು. ಒಳ್ಳೆಯದು ಹಸಿರು ಟ್ರೇಗೆ, ಕೆಟ್ಟದ್ದು ಕೆಂಪಿಗೆ, ಅನುಮಾನದ್ದು ಹಳದಿಗೆ. ನನ್ನ ಕಣ್ಣು ತಪ್ಪಿಸಿ ಹೋದದ್ದು ಕಡಿಮೆ. ಇದು ಜಂಬ ಅಲ್ಲ, ರಿಜಿಸ್ಟರ್ ತೆಗೆದು ನೋಡಲಿ.

ಆದರೆ ಇವತ್ತು ಮರ್ಯಾದೆ ಹೋಯಿತು. ಪುಣೆಯಿಂದ ಫೋನು. ನಮ್ಮ ಲಿವರ್ ಕೊಳ್ಳುವ ಕಂಪನಿಯ ಇಂಜಿನಿಯರ್. ಸೂಪರ್‌ವೈಸರ್ ಚಿರಂಜೀವಿ ಸೀಟಿನಲ್ಲಿರಲಿಲ್ಲ. ನಾನೇ ಎತ್ತಿದೆ. ಆ ಕಡೆಯಿಂದ "ಕ್ಯಾನ್ ಯೂ ಹೋಲ್ಡ್?" ಅಂದರು. ಕೈಯಲ್ಲಿ ಲಿವರ್ ಇತ್ತು. "ಯೆಸ್ ಸರ್, ಹೋಲ್ಡಿಂಗ್ ಸರ್, ಒನ್ ಪೀಸ್" ಅಂದೆ.

ಸ್ಪೀಕರ್ ಆನ್ ಇತ್ತು. ಲೈನಿಗೆ ಲೈನೇ ನಕ್ಕಿತು. ಪಕ್ಕದ ಬೆಂಚಿನ ಭಾನು ಕೂಡ. ಆಮೇಲೆ ಪಾಪ, ಮಜ್ಜಿಗೆ ತಂದುಕೊಟ್ಟಳು.

ಏನು ತಪ್ಪು ಹೇಳಿದೆ ಎಂದು ಯಾರೂ ಹೇಳಲಿಲ್ಲ. ನಕ್ಕರು ಅಷ್ಟೆ.

ಜೂನ್ 12, ಬುಧವಾರ

ವಠಾರದ ಮಾಲೀಕರಾದ ಬಚ್ಚಪ್ಪನವರನ್ನು ಕೇಳಿದೆ. ನೆಂಟರಲ್ಲ, ಬಾಯಿ ರೂಢಿಗೆ ಮಾಮ ಎನ್ನುತ್ತೇನೆ. ಎಪ್ಪತ್ತನಾಲ್ಕು ವಯಸ್ಸು. ಟೆಲಿಫೋನ್ ಆಪರೇಟರ್ ಆಗಿದ್ದವರು. ಊರಿಂದೂರಿಗೆ ಕೈಯಲ್ಲೇ ಲೈನ್ ಜೋಡಿಸುತ್ತಿದ್ದ ಟ್ರಂಕ್ ಕಾಲ್ ಕಾಲದವರು. ಮೂವತ್ತು ವರ್ಷ ಹೆಡ್‌ಫೋನ್ ಹಾಕಿ ಹಾಕಿ ಈಗ ಎರಡು ಕಿವಿಯೂ ಮಂದ.

ಫೋನಿನ ಕಥೆ ಹೇಳಿದೆ. ನಗಲಿಲ್ಲ.

"ಹೋಲ್ಡಾ? ನಾನು ದಿನಕ್ಕೆ ನಾನೂರು ಸಲ ಹೇಳ್ತಿದ್ದೆ ಕಣಮ್ಮ. ಹೋಲ್ಡ್ ದಿ ಲೈನ್ ಪ್ಲೀಸ್. ಲೈನನ್ನ ಕೈಯಾಗೆ ಹಿಡ್ಕೋ ಅಂತ್ಲಾ ಅದು? ಇಡಬೇಡ, ಕಾಯ್ತಾ ಇರು ಅಂತ."

ಅಂದರೆ ಅವರು ಕೇಳಿದ್ದು, ಸ್ವಲ್ಪ ಕಾಯ್ತೀರಾ ಎಂದು. ನಾನು ಲಿವರ್ ಲೆಕ್ಕ ಒಪ್ಪಿಸಿದ್ದೆ! ಈಗ ನನಗೇ ನಗು.

"ಇಂಗ್ಲಿಷ್ ಕಲಿಸಿ ಮಾಮ" ಅಂದೆ. "ಇಂಗ್ಲಿಷೆಲ್ಲಾ ನಂಗೂ ಬರಾಕಿಲ್ಲ. ಹೋಲ್ಡ್ ಚೆನ್ನಾಗಿ ಬತ್ತದೆ. ಅದೊಂದ ಕಲಿ. ಸಂಜೆ ಆರಕ್ಕೆ ಬಾ" ಅಂದರು.

ಒಂದೇ ಪದ ಕಲಿಯಲು ಎಷ್ಟು ದಿನ ಬೇಕು? ಎರಡು ದಿನ ಸಾಕು ಅಂದುಕೊಂಡೆ.

ಜೂನ್ 15, ಶನಿವಾರ. ಸಂಜೆ

ಎರಡು ದಿನ ಸಾಲದು.

ಬೆಳಿಗ್ಗೆ ಐದೂ ಇಪ್ಪತ್ತರ ಕಂಪನಿ ಬಸ್ ಹಿಡಿಯುತ್ತೇನೆ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಳು ಅಂದರು. "ಐ ಹೋಲ್ಡ್ ದಿ ಬಸ್" ಅಂದೆ. ಚೆಲುವಮ್ಮನವರು ಒಳಗಿಂದ ಕಾಫಿ ತಂದರು. ಮಾಮ ಹೆಂಡತಿಗೆ ಹೇಳಿದರು — "ನೋಡೇ, ಈಯಮ್ಮ ಬಸ್ಸನ್ನ ತಡೆದು ನಿಲ್ಲಿಸ್ತಾಳಂತೆ. ಡ್ರೈವರ್ ಇವಳಿಗೋಸ್ಕರ ಕಾಯ್ಬೇಕು."

ಬಸ್ ಹಿಡಿಯುವುದು ಬೇರೆ ಪದ, ಕ್ಯಾಚ್. ಶೀತ ಹಿಡಿಯುವುದೂ ಅದೇ. ನಾವು ಎಲ್ಲದಕ್ಕೂ ಹಿಡಿ ಎನ್ನುತ್ತೇವೆ — ಬಸ್ಸು, ಶೀತ, ಹುಚ್ಚು, ತುಕ್ಕು, ಹಟ. ಅವರು ಅದನ್ನೆಲ್ಲ ಬೇರೆ ಬೇರೆ ಡಬ್ಬಿಗೆ ಹಾಕಿದ್ದಾರೆ. ಆದರೆ ಡ್ರಮ್ಮಿನಲ್ಲಿ ಇನ್ನೂರು ಲೀಟರ್ ನೀರು ಹಿಡಿಯುತ್ತದೆ ಅಂದರೆ ಹೋಲ್ಡ್ ಸರಿ. ಮಗುವಿನ ಕೈ ಹಿಡಿ, ಸರಿ. ಉಸಿರು ಹಿಡಿ, ಸರಿ. ಮೀಟಿಂಗ್ ಮಾತ್ರ ನಾವು ನಡೆಸುತ್ತೇವೆ, ಅವರು ಹೋಲ್ಡ್ ಮಾಡುತ್ತಾರೆ.

ಹೋಲ್ಡಿಗೆ ಹೊಂದಿದ್ದು ಒಂದು ಸಾಲು, ಹೊಂದದ್ದು ಒಂದು ಸಾಲು. ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಜೂನ್ 23, ಭಾನುವಾರ

ಮಾಮನಿಗೆ ಕೇಳಿಸಬೇಕಾದರೆ ಕೂಗಬೇಕು. ಹೀಗಾಗಿ ನಾನು ಇಂಗ್ಲಿಷ್ ಕಲಿಯುವುದು ಇಡೀ ವಠಾರಕ್ಕೆ ಗೊತ್ತು. "ದಿ ರೋಪ್ ವಿಲ್ ನಾಟ್ ಹೋಲ್ಡ್!" ಎಂದು ಕಿರುಚಿದೆ — ಹಗ್ಗ ತಡೆಯುವುದಿಲ್ಲ ಎಂದು. ಯಾರೋ ಬಿದ್ದರೆಂದು ಪಕ್ಕದ ಮನೆಯವರು ಬಾವಿ ಕಡೆ ಓಡಿ ಬಂದರು.

ನನ್ನ ಗಂಡ ಕುಮಾರೇಶ್ ಗುಲಾಬಿ ತೋಟದ ಕೆಲಸ ಮುಗಿಸಿ ಬಂದವರು ಬಾಗಿಲಲ್ಲೇ ನಿಂತರು. "ಏನೇ ಇದು, ಮೈಕ್ ಹಾಕ್ಸಾನಾ?" ಅಂದರು. ಗಂಡ ಅಂದದ್ದಕ್ಕೆ ಸಿಟ್ಟು ಬರಲಿಲ್ಲ. ಮೊದಲಾಗಿದ್ದರೆ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಕೂಗಿ ಕೂಗಿ ನಾಚಿಕೆ ಹೋಗಿದೆ.

ಜುಲೈ 8, ಸೋಮವಾರ

ಬರೆದು ಹದಿನೈದು ದಿನ. ಎರಡನೇ ಶಿಫ್ಟ್ ಇತ್ತು, ಪಾಠಕ್ಕೇ ಸಮಯ ಸಾಲಲಿಲ್ಲ.

ನಿನ್ನೆ ಒಂದು ಗಂಟೆ. ಹಿಂದೆ ಬರುವ ಚಿಕ್ಕ ಪದವೇ ಯಜಮಾನ ಎಂದರು ಮಾಮ. ಹೋಲ್ಡ್ ಆನ್ ಅಂದರೆ ತಡಿ, ಕಾಯಿ. ಹೋಲ್ಡ್ ಅಪ್ ಅಂದರೆ ತಡವಾಗಿಸು. ಇವತ್ತೇ ಕೆಲಸಕ್ಕೆ ಬಂತು. ಅತ್ತಿಬೆಲೆ ಗಡಿಯ ಕಡೆಯಿಂದ ಲಾರಿಗಳು ಸಾಲು ನಿಂತು ನಮ್ಮ ಬಸ್ ಜೂಜುವಾಡಿಯಲ್ಲೇ ಮುಕ್ಕಾಲು ಗಂಟೆ ನಿಂತಿತು. ಗೇಟಿನಲ್ಲಿ ಟೈಮ್ ಆಫೀಸಿನವನು ಏಕೆ ಲೇಟು ಎಂದ. "ಬಸ್ ವಾಸ್ ಹೆಲ್ಡ್ ಅಪ್" ಅಂದೆ. ತಲೆ ಎತ್ತಿ ನೋಡಿದ. ಹಾಗೇ ಬರೆದುಕೊಂಡ.

ಹೋಲ್ಡೆಡ್ ಅಲ್ಲ, ಹೆಲ್ಡ್. ಮೂರು ವಾರ ತಪ್ಪು ಹೇಳಿದ್ದೇನೆ. ಮಾಮ ತಿದ್ದಿ ತಿದ್ದಿ ಸುಸ್ತಾಗಿ ನಿನ್ನೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಚೆಲುವಮ್ಮ ಬೈದರು, ಹಬ್ಬಕ್ಕೆ ಸುಣ್ಣ ಹೊಡೆಸಿದ ಗೋಡೆ.

ಊಟದ ಹೊತ್ತಿನಲ್ಲಿ ಭಾನು ನನಗೂ ಹೇಳಿಕೊಡು ಅಂದಳು. ಹೇಳಿಕೊಟ್ಟೆ. ಶಶಿಕಲಾನೂ ಬಂದು ಕೂತಳು.

ಜುಲೈ 16, ಮಂಗಳವಾರ. ಮಧ್ಯಾಹ್ನ 3.30

ಬೆಳಿಗ್ಗೆ ಏಳೂವರೆ. ಮೂರನೇ ಟ್ರೇ. ಲಿವರಿನ ತೂತಿನ ಪಕ್ಕ ಕೂದಲೆಳೆ ಬಿರುಕು. ಒಂದಲ್ಲ. ನಲವತ್ತರಲ್ಲಿ ಆರು. ಅದೇ ಜಾಗ. ಅಚ್ಚಿನಲ್ಲೇ ಏನೋ ಕೆಟ್ಟಿದೆ. ಬ್ರೇಕ್ ಒತ್ತಿದಾಗ ಬಲ ಬೀಳುವುದು ಅಲ್ಲೇ. ರಸ್ತೆಯಲ್ಲಿ ಮುರಿದರೆ —

ಪೂರ್ತಿ ಲಾಟಿಗೆ, ಒಟ್ಟಿಗೆ ಬಂದ ಅಷ್ಟೂ ಮಾಲಿಗೆ, ಹಳದಿ ಚೀಟಿ ಕಟ್ಟಿದೆ. ಚೀಟಿಯಲ್ಲಿ ಹೋಲ್ಡ್ ಎಂದು ಅಚ್ಚಾಗಿರುತ್ತದೆ. ಹನ್ನೊಂದು ವರ್ಷ ಕಟ್ಟಿದ್ದೇನೆ. ಅದೊಂದು ಪದ, ಅದಕ್ಕೊಂದು ಅರ್ಥ ಎಂದು ಯೋಚಿಸಿಯೇ ಇರಲಿಲ್ಲ. ಬಣ್ಣ ನೋಡಿ ಕಟ್ಟುತ್ತಿದ್ದೆ.

7.35 ಎಂದು ಬರೆದು ಸೈನ್ ಹಾಕಿ ಚಿರಂಜೀವಿಗೆ ತೋರಿಸಿದೆ. ನನಗಿಂತ ಎಂಟು ವರ್ಷ ಚಿಕ್ಕವನು. ಆದರೂ ಸರ್.

"ಏನ್ ಚಂದ್ರಕ್ಕಾ, ಬೆಳಿಗ್ಗೆ ಬೆಳಿಗ್ಗೇನೇ! ಇದು ಗೀರು ಕಣಕ್ಕಾ."

"ಗೀರಲ್ಲ ಸರ್. ಉಗುರು ಆಡಿಸಿ ನೋಡಿ, ಸಿಕ್ಕಾಕೊಳ್ತೈತೆ."

ಉಗುರು ಆಡಿಸಿದ. ಚೀಟಿಯ ಎರಡು ಭಾಗಕ್ಕೂ ಸೈನ್ ಹಾಕಿದ. ಒಂದು ಟ್ರೇ ಮೇಲೆ, ಒಂದು ನನ್ನ ಫೈಲಿಗೆ. "ಮೇಲೆ ನಾನು ಹೇಳ್ತೀನಿ, ನೀವು ಬಿಡಿ" ಅಂದ.

ಬಿಟ್ಟೆ.

ಜುಲೈ 18, ಗುರುವಾರ

ಹಳದಿ ಚೀಟಿ ಇಲ್ಲ. ಟ್ರೇಗಳಲ್ಲಿ ಅರ್ಧ ಇಲ್ಲ. ಎಲ್ಲಿ ಎಂದು ಕೇಳಿದೆ.

"ರೀ-ಚೆಕ್ ಆಗೈತೆ. ಲಾರಿ ಎರಡು ದಿನ ನಿಂತಿತ್ತು ಅಕ್ಕಾ. ನನ್ ತಲೆ ಮೇಲೆ ಕೂತಿದ್ರು ಎಲ್ಲಾರೂ."

"ಯಾರು ರೀ-ಚೆಕ್ ಮಾಡಿದ್ದು ಸರ್? ನಾನಲ್ಲ. ಭಾನು ಅಲ್ಲ. ಶಶಿಕಲಾನೂ ಅಲ್ಲ."

ಫೋನ್ ಬಂತು ಎಂದು ಎದ್ದು ಹೋದ. ಫೋನ್ ಬಂದಿರಲಿಲ್ಲ.

ಮೇಲಿನವರಿಗೆ ನಾನೇ ಹೇಳಬೇಕಿತ್ತಾ? ಬಿಟ್ಟೆ ಎಂದು ಮೊನ್ನೆ ಬರೆದ ಪದವನ್ನೇ ನೋಡುತ್ತಿದ್ದೇನೆ.

ಜುಲೈ 20, ಶನಿವಾರ. ಸಂಜೆ 5

ಪುಣೆಯಲ್ಲಿ ಸಿಕ್ಕಿಬಿದ್ದಿದೆ. ಗಾಡಿಗೆ ಹಾಕುವ ಮೊದಲೇ, ಅಲ್ಲಿಯ ತಪಾಸಣೆಯಲ್ಲಿ. ದೇವರು ದೊಡ್ಡವನು. ಅವರ ಇಂಜಿನಿಯರ್ ಸೋಮವಾರ ಬರುತ್ತಾರೆ.

ಶಿಫ್ಟ್ ಮುಗಿಯುವ ಹೊತ್ತಿಗೆ ಚಿರಂಜೀವಿ ಒಂದು ಹಾಳೆ ತಂದ. ಟೈಪ್ ಮಾಡಿದ ರಿಪೋರ್ಟು, ಇಂಗ್ಲಿಷು, ಒಂದೂವರೆ ಪುಟ. ಕೆಳಗೆ ನನ್ನ ಹೆಸರು, ಸೈನಿಗೆ ಜಾಗ.

"ಏನಿಲ್ಲ ಅಕ್ಕಾ, ನಡೆದಿದ್ದೇ ಐತೆ. ನೀವು ಲಾಟ್ ನಿಲ್ಲಿಸಿದ್ರಿ ಅಂತ ಬರ್ದಿದೀನಿ. ನಿಮಗೇ ಒಳ್ಳೇದು. ಬಸ್ಸು ಹೊಂಟೋಯ್ತದೆ, ಬೇಗ ಹಾಕಿ."

ಮೊದಲಾಗಿದ್ದರೆ ಹಾಕುತ್ತಿದ್ದೆ. ಎಷ್ಟು ಹಾಕಿದ್ದೇನೋ ಹೀಗೆ ಹನ್ನೊಂದು ವರ್ಷದಲ್ಲಿ.

ಬೆರಳಿಟ್ಟು ಓದಿದೆ. ಬಹಳ ಪದ ಗೊತ್ತಾಗಲಿಲ್ಲ. ನನ್ನ ಪದ ಕಂಡಿತು. ಇನ್ಸ್‌ಪೆಕ್ಟರ್ ಹೆಲ್ಡ್ ಬ್ಯಾಕ್ ದಿ ಇನ್ಫರ್ಮೇಷನ್. ಹದಿನಾರರಿಂದ ಹದಿನೆಂಟರವರೆಗೆ. ಇನ್ಸ್‌ಪೆಕ್ಟರ್ ಅಂದರೆ ನಾನು.

ಹೆಲ್ಡ್ ಸರಿ. ಈ ಬ್ಯಾಕ್ ಏಕೆ? ಆನ್ ಕಲಿತಿದ್ದೆ, ಅಪ್ ಕಲಿತಿದ್ದೆ. ಇದನ್ನು ಕಲಿತಿರಲಿಲ್ಲ. ನಾನು ನಿಲ್ಲಿಸಿದ್ದು ಲಾಟು. ಇಲ್ಲಿರುವುದು ಇನ್ಫರ್ಮೇಷನ್.

"ಸೋಮವಾರ ಹಾಕ್ತೀನಿ ಸರ್."

"ಅಕ್ಕಾ, ಇವತ್ತೇ ಬೇಕು."

"ಓದಿ ಹಾಕ್ತೀನಿ."

ಹಾಳೆಯನ್ನು ಮಡಿಚಿ ಬ್ಯಾಗಿಗೆ ಹಾಕಿಕೊಂಡು ಬಸ್ ಹತ್ತಿದೆ.

ಜುಲೈ 21, ಭಾನುವಾರ

ಮಾಮ ಭೂತಗನ್ನಡಿ ಹಿಡಿದು ಓದಿದರು. ಆ ಸಾಲಿಗೆ ಬಂದಾಗ ಕನ್ನಡಿ ಕೆಳಗಿಟ್ಟರು.

ಏನು ಹಾಗಂದರೆ ಎಂದು ಮೆಲ್ಲಗೆ ಕೇಳಿದೆ. ಕೇಳಿಸಲಿಲ್ಲವೇನೋ ಎಂದು "ಅರ್ಥ ಏನು ಮಾಮ!" ಎಂದು ಕೂಗಿದೆ. ಕೇಳಿಸಿತ್ತು.

"ಬಚ್ಚಿಟ್ಟಳು ಅಂತ ಕಣಮ್ಮ. ವಿಷಯ ಗೊತ್ತಿದ್ದೂ ಬಾಯಿ ಬಿಡಲಿಲ್ಲ ಅಂತ. ಎರಡು ದಿನ."

ಆಮೇಲೆ ತಮ್ಮ ಕಥೆ ಹೇಳಿದರು. ಎಪ್ಪತ್ತೊಂಬತ್ತನೇ ಇಸವಿ. ಬೇರೆ ಊರು, ಬೇರೆ ಎಕ್ಸ್‌ಚೇಂಜು. ಸಾವಿನ ಸುದ್ದಿ ಹೇಳಲು ಒಂದು ಟ್ರಂಕ್ ಕಾಲ್ ಬಂತು. ಲೈನ್ ಸಿಗಲಿಲ್ಲ. ನಾಲ್ಕು ಗಂಟೆ ಹೋಲ್ಡ್‌ನಲ್ಲಿ ಇಟ್ಟು ಪ್ರಯತ್ನಿಸಿದರು. ತೀರಿಹೋದವರ ಮಗನಿಗೆ ಮಣ್ಣಿಗೆ ಬರಲಾಗಲಿಲ್ಲ. ಮೇಲಧಿಕಾರಿ ಒಂದು ಕಾಗದ ತಂದ. ಆಪರೇಟರ್ ಹೆಲ್ಡ್ ಬ್ಯಾಕ್ ದಿ ಕಾಲ್. ಕಾಲ್ ಹೋಲ್ಡ್ ಮಾಡಿದ್ದು ನಿಜ ತಾನೇ ಎಂದು ಇವರು ಸೈನ್ ಹಾಕಿದರು.

"ಮೂರು ತಿಂಗಳು ಸಸ್ಪೆಂಡು. ಅದು ಹೋಗ್ಲಿ. ಊರಾಗೆಲ್ಲಾ ಅಂದ್ರು, ದುಡ್ಡು ತಿಂದು ಸಾವಿನ ಸುದ್ದಿ ಮುಚ್ಚಾಕ್ಬುಟ್ಟ ಅಂತ. ಆ ಮಗ ಬಂದು ನನ್ ಮುಖ ನೋಡ್ದ. ಹೊಂಟೋದ. ಆಮೇಲೆ ಡಿಕ್ಷನರಿ ತಗೊಂಡೆ. ಅದೊಂದು ಪದಾನೇ ಓದ್ದೆ. ವರ್ಷಗಟ್ಲೆ."

ಅವರಿಗೆ ಅದೊಂದೇ ಪದ ಏಕೆ ಅಷ್ಟು ಚೆನ್ನಾಗಿ ಬರುತ್ತದೆ ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಚೆಲುವಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. "ಮದುವೆಯಾಗಿ ನಲವತ್ತೆರಡು ವರ್ಷ. ನಂಗೂ ಹೇಳಿರಲಿಲ್ಲ ಇದನ್ನ" ಅಂದರು.

ನಾಳೆ ಹೇಳಬೇಕಾದ್ದನ್ನು ಹತ್ತು ಸಲ ಹೇಳಿಸಿದರು. ಪ್ರತಿ ಸಲವೂ ಕೂಗಿ.

ಜುಲೈ 22, ಸೋಮವಾರ. ಸಂಜೆ

ಹೇಗೆ ನಡೆಯಿತೋ ಹಾಗೇ ಬರೆಯುತ್ತೇನೆ.

ಮೀಟಿಂಗ್ ರೂಮು. ಎಚ್.ಆರ್. ಶ್ರೀವಿದ್ಯಾ ಮೇಡಂ, ಪ್ಲಾಂಟ್ ಹೆಡ್, ಚಿರಂಜೀವಿ, ಪುಣೆಯ ಇಂಜಿನಿಯರ್. ಬಿಳಿ ಕೂದಲು, ಮೆತ್ತಗಿನ ಮಾತು. ಫೋನಿನಲ್ಲಿ ಕಾಯ್ತೀರಾ ಎಂದು ಕೇಳಿದವರು ಇವರೇ. ನನ್ನನ್ನು ಹನ್ನೊಂದಕ್ಕೆ ಕರೆದರು.

ಮೇಡಂ ಮೈಸೂರಿನ ಕಡೆಯವರು. "ಚಂದ್ರಲೇಖಾ, ರಿಪೋರ್ಟಿಗೆ ನಿಮ್ಮ ಸೈನ್ ಆಗಿಲ್ಲವಂತೆ. ಏನಾದ್ರೂ ತೊಂದರೆನಾ?"

"ಒಂದು ಪದ ತಪ್ಪೈತೆ ಮೇಡಂ."

ಚಿರಂಜೀವಿ ನಕ್ಕ. "ಅಕ್ಕಂಗೆ ಇಂಗ್ಲಿಷು ಅಷ್ಟಾಗಿ..."

"ಹೆಲ್ಡ್ ಬ್ಯಾಕ್ ಅಂತ ಬರ್ದವ್ರೆ. ನಾನು ಹೆಲ್ಡ್. ಬ್ಯಾಕ್ ಇಲ್ಲ."

"ಎರಡೂ ಒಂದೇ ಅಕ್ಕಾ. ನಿಲ್ಲಿಸಿದ್ರು ಅಂತ."

ಪುಣೆಯವರಿಗೆ ನಮ್ಮ ಮಾತು ತಿಳಿಯಲಿಲ್ಲ. ಪದಗಳು ಕಿವಿಗೆ ಬಿದ್ದವು. ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ನೀವೇ ಹೇಳಿ, ಏನಾಯಿತು, ಎಂದರು. ಮೇಡಂ ಅನುವಾದಿಸಲು ಬಾಯಿ ತೆರೆದರು. ಬೇಡ ಎಂದು ಕೈ ತೋರಿಸಿದೆ.

ಎದ್ದು ನಿಂತೆ. ಮಾಮನಿಗೆ ಹೇಳುವಷ್ಟೇ ಜೋರಾಗಿ ಬಂತು ದನಿ. ಗಾಜಿನ ಆಚೆ ಇದ್ದವರೂ ತಿರುಗಿ ನೋಡಿದರು.

"ಸರ್, ಐ ಹೆಲ್ಡ್ ದಿ ಲಾಟ್. ಜುಲೈ ಸಿಕ್ಸ್‌ಟೀನ್, ಸೆವೆನ್ ಥರ್ಟಿಫೈವ್. ಐ ಟೋಲ್ಡ್ ಸೂಪರ್‌ವೈಸರ್. ಹಿ ಸೈನ್. ಐ ಡಿಡ್ ನಾಟ್ ಹೋಲ್ಡ್ ಬ್ಯಾಕ್ ಎನಿಥಿಂಗ್."

ಹಿ ಸೈನ್ಡ್ ಅನ್ನಬೇಕಿತ್ತು. ಇರಲಿ.

ಫೈಲಿನಿಂದ ಚೀಟಿಯ ಅರ್ಧ ತೆಗೆದು ಮೇಜಿನ ಮೇಲಿಟ್ಟೆ. ಟೈಮು, ನನ್ನ ಸೈನು, ಅವನ ಸೈನು. ಪುಣೆಯವರು ಚೀಟಿ ನೋಡಿದರು, ರಿಪೋರ್ಟ್ ನೋಡಿದರು, ಚಿರಂಜೀವಿಯನ್ನು ನೋಡಿದರು. ಪ್ಲಾಂಟ್ ಹೆಡ್ ತಮಿಳಿನಲ್ಲಿ ಅವನಿಗೆ ಏನೋ ಮೆಲ್ಲಗೆ ಕೇಳಿದರು. ಅವನು ತಲೆ ಬಗ್ಗಿಸಿದ.

ಇಂಜಿನಿಯರ್ ಜೇಬಿನಿಂದ ಪೆನ್ ತೆಗೆದು ನನ್ನ ಕಡೆ ಚಾಚಿದರು. ಸಾಲನ್ನು ನೀವೇ ತಿದ್ದಿ ಎಂದರು.

ಹೊಡೆದು ಹಾಕಿದೆ. ಮೇಲೆ ಬರೆದೆ — ಇನ್ಸ್‌ಪೆಕ್ಟರ್ ಹೆಲ್ಡ್ ದಿ ಲಾಟ್ ಅಂಡ್ ಇನ್ಫಾರ್ಮ್ಡ್ ದಿ ಸೂಪರ್‌ವೈಸರ್. ಇನ್ಫಾರ್ಮ್ಡ್ ಸ್ಪೆಲ್ಲಿಂಗ್ ಮೇಡಂ ಹೇಳಿದರು. ಹೆಲ್ಡ್ ನನ್ನದೇ.

ಸೈನ್ ಹಾಕಿದೆ.

ಅದೇ ದಿನ, ಮರೆತದ್ದು

ಬಸ್ಸಿನ ಹತ್ತಿರ ಚಿರಂಜೀವಿ ಬಂದ. ಕಣ್ಣು ಕೆಂಪಾಗಿತ್ತು.

"ನಂಗೆ ನಿಜವಾಗ್ಲೂ ಗೊತ್ತಿರಲಿಲ್ಲ ಅಕ್ಕಾ. ತಡೆಹಿಡಿದರು ಅಂತ ಫೋನಾಗೆ ಹಾಕ್ದೆ, ಅದು ಇಂಗ್ಲಿಷ್ ಮಾಡಿ ಹಂಗೆ ಕೊಡ್ತು. ನಮ್ಮಮ್ಮನಾಣೆ."

ಇರಬಹುದು. ನಮ್ಮ ಪದದಲ್ಲೂ ಎರಡೂ ಇದೆ. ಲಾಟನ್ನೂ ತಡೆಹಿಡಿಯಬಹುದು, ವಿಷಯವನ್ನೂ ತಡೆಹಿಡಿಯಬಹುದು. ಒಂದು ಕ್ಷಣ ನಂಬಿದೆ.

"ಇನ್ಫರ್ಮೇಷನ್ ಅಂತ್ಲೂ ಫೋನೇ ಕೊಡ್ತಾ ಸರ್? ಚೀಟಿ ಕಿತ್ತು ಮಾಲು ಕಳಿಸು ಅಂದಿದ್ಯಾರು?"

ಬಸ್ ಹತ್ತಿದೆ. ಗೆದ್ದೆ ಎಂದು ಅನಿಸಬೇಕಿತ್ತು. ಅವನ ಹೆಂಡತಿ ಏಳು ತಿಂಗಳ ಬಸುರಿ ಎಂಬುದು ನೆನಪಾಗುತ್ತಲೇ ಇತ್ತು. ಆದರೂ ಸೈನ್ ಬದಲಿಸುವುದಿಲ್ಲ. ಆ ಲಿವರ್ ಹಾಕಿದ ಗಾಡಿಯಲ್ಲಿ ಇನ್ನೊಬ್ಬ ಬಸುರಿ ಕೂತಿರಬಹುದಿತ್ತು.

ಆಗಸ್ಟ್ 17, ಶನಿವಾರ

ಬಹಳ ದಿನವಾಯಿತು.

ಚಿರಂಜೀವಿಗೆ ಮೆಮೊ ಕೊಟ್ಟು ಸ್ಟೋರ್ಸಿಗೆ ಹಾಕಿದ್ದಾರೆ. ಕೆಲಸ ಹೋಗಲಿಲ್ಲ, ಒಳ್ಳೆಯದಾಯಿತು. ಎದುರಿಗೆ ಸಿಕ್ಕರೆ ನಮಸ್ಕಾರ ಅಕ್ಕಾ ಎನ್ನುತ್ತಾನೆ, ನಿಲ್ಲುವುದಿಲ್ಲ.

ಹೊಸ ನಿಯಮ ಬಂದಿದೆ. ಇನ್ಸ್‌ಪೆಕ್ಟರ್ ಕಟ್ಟಿದ ಹಳದಿ ಚೀಟಿಯನ್ನು ಇನ್ಸ್‌ಪೆಕ್ಟರ್ ಸೈನ್ ಇಲ್ಲದೆ ಯಾರೂ ಬಿಚ್ಚುವ ಹಾಗಿಲ್ಲ. ಕಂಬಕ್ಕೆ ಅಂಟಿಸಿದ್ದಾರೆ, ಮೂರು ಭಾಷೆಯಲ್ಲಿ. ತಮಿಳು, ಕನ್ನಡ, ಇಂಗ್ಲಿಷ್. ಕನ್ನಡ ಬರೆದುಕೊಟ್ಟಿದ್ದು ನಾನು. ತಡೆಹಿಡಿ ಎಂದು ಬರೆಯಲಿಲ್ಲ. 'ನಿಲ್ಲಿಸಿದ ಮಾಲು' ಎಂದು ಬರೆದೆ. ಯಾರೂ ಎರಡು ಅರ್ಥ ಮಾಡುವುದು ಬೇಡ.

ಊಟದ ಹೊತ್ತಿನ ಪಾಠಕ್ಕೆ ಈಗ ಒಂಬತ್ತು ಜನ. ಹೋಲ್ಡ್ ಮುಗಿಯಿತು, ರನ್ ಶುರು. ಮಷೀನ್ ಓಡುತ್ತದೆ, ಮೂಗು ಸೋರುತ್ತದೆ, ಟೀ ಪುಡಿ ಮುಗಿದುಹೋಗುತ್ತದೆ, ಅಂಗಡಿ ನಡೆಸುತ್ತಾರೆ — ಎಲ್ಲಕ್ಕೂ ರನ್ನೇ ಅಂತೆ. ಭಾನು ತಟ್ಟೆ ಕೆಳಗಿಟ್ಟು, "ಇವರಿಗೆ ಬೇರೆ ಪದ ಸಿಗಲಿಲ್ವಾ ಅಕ್ಕಾ? ಪಾಪ, ಅದೊಂದ್ನೇ ಎಷ್ಟು ಓಡಿಸ್ತಾರೆ!" ಅಂದಳು. ಒಂಬತ್ತು ಜನವೂ ನಕ್ಕೆವು.

ರನ್ ಮಾಮನಿಗೂ ಪೂರ್ತಿ ಬರುವುದಿಲ್ಲ. ಈಗ ಡಿಕ್ಷನರಿ ನಾನು ಓದುತ್ತೇನೆ, ಅವರು ಕೇಳುತ್ತಾರೆ.

ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 10.20

ಎಚ್.ಆರ್. ಆಫೀಸಿನ ವರಾಂಡ. ಪ್ಲಾಸ್ಟಿಕ್ ಕುರ್ಚಿ. ಲೈನ್ ಲೀಡರ್ ಹುದ್ದೆಯ ಇಂಟರ್‌ವ್ಯೂ. ಸಿಕ್ಕರೆ ಕಾಂಟ್ರ್ಯಾಕ್ಟ್ ಮುಗಿದು ಪರ್ಮನೆಂಟು.

ಆರು ಜನ ಇದ್ದೇವೆ. ಐದು ಜನ ಗಂಡಸರು, ಐವರಿಗೂ ಡಿಪ್ಲೊಮಾ. ನನ್ನ ಫಾರಂನಲ್ಲಿ ಓದು ಎಂಬಲ್ಲಿ ಹತ್ತನೇ ತರಗತಿ, ಕನ್ನಡ ಮಾಧ್ಯಮ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಪಕ್ಕದ ಹುಡುಗ, ಭೈರೇಶ್ ಎಂದು, ಆನೇಕಲ್ಲಿನವನು, ನನ್ನ ಫಾರಂ ಕಡೆ ಕಣ್ಣಾಡಿಸಿದ. ಶರಟಿನ ಕಾಲರ್ ಒದ್ದೆ. "ಅಕ್ಕಾ, ಇಂಗ್ಲಿಷಲ್ಲೇ ಕೇಳ್ತಾರಂತೆ. ನಿಮ್ಗೆ ಭಯ ಆಗಲ್ವಾ?"

"ಆಯ್ತದೆ. ನಿಂಗೆ?"

"ತುಂಬಾ."

"ಎಷ್ಟು ಲಿವರ್ ನೋಡಿದೀಯಾ ಇಲ್ಲೀಗಂಟ?"

"ಲಿವರಾ? ಇನ್ನೂ ಒಂದೂ ಇಲ್ಲ ಅಕ್ಕಾ."

ನನ್ನ ಲೆಕ್ಕ ಮನಸ್ಸಿನಲ್ಲೇ ಹಾಕಿದೆ. ಮೂವತ್ತು ಲಕ್ಷದ ಹತ್ತಿರ ಬಂತು. ಬಾಯಿ ಬಿಟ್ಟು ಹೇಳಲಿಲ್ಲ, ಹುಡುಗ ಇನ್ನಷ್ಟು ಬೆವರುತ್ತಿದ್ದ. ನೀರಿನ ಬಾಟಲಿ ಕೊಟ್ಟೆ.

ಅವರು ಕೇಳುವುದು ನನಗೆ ಗೊತ್ತಿಲ್ಲದ ಪದದಲ್ಲಿ ಇರಬಹುದು. ಇದ್ದರೆ, ಆ ಪದದ ಅರ್ಥ ಏನು ಸರ್ ಎಂದು ಕೇಳುತ್ತೇನೆ. ಇಂಗ್ಲಿಷಿನಲ್ಲೇ ಕೇಳುತ್ತೇನೆ. ಅದಕ್ಕಿಂತ ಮುಂಚೆ ಅವರಿಗೆ ಹೇಳಬೇಕಾದ್ದು ಒಂದಿದೆ. ಲೈನ್ ನನ್ನ ಕೈಗೆ ಬಂದರೆ ಮೊದಲ ದಿನವೇ ಮೂರನೇ ಬೆಂಚಿನ ಮಂಕು ದೀಪ ಬದಲಿಸಿ, ಆಮೇಲೆ

ಬಾಗಿಲು ತೆರೆಯಿತು. ಮೇಡಂ. ನನ್ನ ಹೆಸ—